ತಂಗಿಯ ಕೋಳಿ, ನನ್ನ ಗೋವಿನಜೋಳ

ರಾಯಚೂರು ದಾಟಿದ ಮೇಲೆ

ಹೈದರಾಬಾದು ಪರದೇಶ ಹೌದೋ ಅಲ್ಲವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎಂದೂ ನಡೆಯಲಿಲ್ಲ. ನಮ್ಮವ್ವನ ತೀರ್ಪು ಮೊದಲೇ ಆಗಿಹೋಗಿತ್ತು. "ಇದ್ದೊಬ್ಬ ಮಗಳನ್ನ ಮೊಗಲಾಯಿಗೆ ಕೊಟ್ಟು ಕೂತೀನಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಿಜಾಮರ ಸೀಮೆಯೆಂದರೆ ಅವಳಿಗೆ ಕಡಲಾಚೆಯ ಊರು. ಅವ್ವ ಹೋದಳು, ನಿಜಾಮರು ಅವಳಿಗಿಂತ ಎಷ್ಟೋ ಮೊದಲೇ ಹೋಗಿದ್ದರು. ಆದರೂ ರಾಯಚೂರು ದಾಟಿ ಬಸ್ಸು ಕೃಷ್ಣಾ ಸೇತುವೆ ಹತ್ತಿತೆಂದರೆ ಪಾಸ್‌ಪೋರ್ಟ್ ಮನೆಯಲ್ಲೇ ಬಿಟ್ಟು ಬಂದವನಂತೆ ನಾನು ಇಂದಿಗೂ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ.

ನಾನು ರಾಣೆಬೆನ್ನೂರಿನ ಕಡೆಯ ರೈತ. ನೀವು ಮೆಕ್ಕೆಜೋಳ ಎನ್ನುವುದನ್ನು ನಾವು ಗೋವಿನಜೋಳ ಎನ್ನುತ್ತೇವೆ, ಅದನ್ನೇ ಬೆಳೆಯುತ್ತೇವೆ. ತಂಗಿ ಶಾಂತಾ ಹೈದರಾಬಾದಿನ ಹೊರಗೆ ಮೊಟ್ಟೆಕೋಳಿ ಸಾಕುತ್ತಾಳೆ. ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರಿವಾಜು. ಅಣ್ಣನಾದವನು ಉಂಡಿ ಕಟ್ಟಿಸಿಕೊಂಡು, ಸೀರೆ ಹಿಡಿದುಕೊಂಡು ಹೋಗಿ ಕರೆಯಬೇಕು. ನಾನು ಪ್ರತಿ ವರ್ಷವೂ ಹೋಗಿ ಕರೆಯುತ್ತೇನೆ. ಅವಳು ಪ್ರತಿ ವರ್ಷವೂ ಉಂಡಿ ತಿಂದು, ಸೀರೆ ಇಟ್ಟುಕೊಂಡು, "ಕೋಳಿಗೆ ಸೂಟಿ ಇಲ್ಲಣ್ಣಾ" ಎಂದು ನನ್ನನ್ನು ಬಸ್ಸು ಹತ್ತಿಸುತ್ತಾಳೆ. ಮದುವೆಯಾಗಿ ಮೊದಲ ಕೆಲವು ವರ್ಷ ಬಂದಿದ್ದಳು. ಕೋಳಿ ಬಂದ ಮೇಲೆ ಬಂದವಳೇ ಅಲ್ಲ.

ಈ ಸಲ ಉಂಡಿಯ ಜೊತೆಗೆ ಒಂದು ಚೀಲ ಗೋವಿನಜೋಳವನ್ನೂ ಹೊತ್ತುಕೊಂಡು ಹೊರಟಿದ್ದೆ. ಫೋನಿನಲ್ಲಿ ಅವಳು, "ಕೋಳಿ ಫೀಡು ಭಾಳ ತುಟ್ಟಿ ಆಗೇತಣ್ಣಾ" ಎಂದಿದ್ದಳು. ತುಟ್ಟಿ ಏಕಾಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟು, ಪೇಪರಿನವರು ಎಥನಾಲ್ ಎನ್ನುವುದು, ಮೊದಲು ಕಬ್ಬಿನಿಂದ ಬರುತ್ತಿತ್ತು. ಈಗ ಗೋವಿನಜೋಳದಿಂದಲೂ ತೆಗೆಯುತ್ತಾರೆ. ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು, ನಮ್ಮ ಮಾರುಕಟ್ಟೆಯ ಧಾರಣೆಯೂ ಅವುಗಳ ಜೊತೆಗೆ ಎದ್ದು ನಿಂತಿತು. ನಮ್ಮ ಮನೆಯ ಸೋರುವ ಮಾಳಿಗೆ ರಿಪೇರಿಯಾದದ್ದೂ ನನ್ನ ಹೆಂಡತಿಯ ಕೊರಳಿಗೆ ಬೋರಮಾಳ ಬಂದದ್ದೂ ಆಗಲೇ. ಧಾರಣೆಯ ಈ ತುದಿಯಲ್ಲಿ ನಾನಿದ್ದೆ, ಆ ತುದಿಯಲ್ಲಿ ತಂಗಿ ಇದ್ದಳು. ಒಂದು ಚೀಲ ಕೊಟ್ಟರೆ ಎರಡೂ ತುದಿ ಸಮವಾದೀತು ಎಂದು ನನ್ನ ಲೆಕ್ಕ.

ಕಂಡಕ್ಟರು ಚೀಲಕ್ಕೆ ಲಗೇಜು ಕೇಳಿದ. "ತಂಗಿ ಮನಿಗೆ ಒಯ್ಯಾಕತ್ತೀನಪಾ" ಎಂದೆ. "ತಂಗಿ ಮನಿಗೆ ಹೋಗೋ ಚೀಲಕ್ಕೂ ತೂಕ ಇರತೈತ್ರಿ ಯಜಮಾನ್ರ" ಎಂದು ಟಿಕೆಟ್ ಹರಿದೇ ಕೊಟ್ಟ. ಮೆಹಬೂಬನಗರದ ಹತ್ತಿರ ಬಸ್ಸು ಬ್ರೇಕು ಹಾಕಿದಾಗ ಚೀಲ ಸೀಟಿನ ಕಬ್ಬಿಣಕ್ಕೆ ಸಿಕ್ಕು ಹರಿಯಿತು. ಕಾಳೆಲ್ಲ ಬಸ್ಸಿನ ತುಂಬ ಉರುಳಾಡತೊಡಗಿತು. ಬೈಗುಳ ಬೀಳುತ್ತದೆಂದು ನಾನು ಮುದುಡಿಕೊಂಡೆ. ಆದರೆ ಎದುರು ಸೀಟಿನ ಬಿಳಿಗಡ್ಡದ ಸಾಹೇಬರು ಕಾಲು ಮೇಲೆತ್ತಿ, "ದಾನಾ ಹೈ ಭಾಯಿ, ಪಾಂವ್ ಕೆ ನೀಚೆ ನಕ್ಕೋ" ಎಂದು ಎಲ್ಲರಿಗೂ ಹೇಳಿದರು. ಕಾಳು ಕಾಲಡಿ ಬೀಳಬಾರದು ಎಂಬ ಮಾತು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಬಸ್ಸಿಗೆ ಬಸ್ಸೇ ಕಾಲೆತ್ತಿಕೊಂಡು ಕೂತಿತು. ಸಾಹೇಬರು ತಮ್ಮ ಕರವಸ್ತ್ರದಲ್ಲಿ ಕಾಳು ಆರಿಸಿ ಕೊಟ್ಟರು, ಒಂದು ಮುಷ್ಟಿಯನ್ನು ಮಾತ್ರ ಮನೆಯ ಪಾರಿವಾಳಕ್ಕೆಂದು ಕೇಳಿ ಇಟ್ಟುಕೊಂಡರು.

ಮೆಹದಿಪಟ್ಟಣಂ

ನಮ್ಮೂರಲ್ಲಿ ರಸ್ತೆ ದಾಟುವವರು ಎಡಕ್ಕೆ ಬಲಕ್ಕೆ ನೋಡುತ್ತಾರೆ. ಮೆಹದಿಪಟ್ಟಣಂನಲ್ಲಿ ಯಾರೂ ನೋಡುವುದಿಲ್ಲ. ಬರುವ ವಾಹನಗಳಿಗೆ ಆಶೀರ್ವಾದ ಮಾಡುವವರಂತೆ ಅಂಗೈ ತೋರಿಸಿ ಸುಮ್ಮನೆ ನಡೆದುಬಿಡುತ್ತಾರೆ, ವಾಹನಗಳೂ ಆಶೀರ್ವಾದ ಪಡೆದಂತೆ ನಿಲ್ಲುತ್ತವೆ. ನಾನೂ ಕೈ ಎತ್ತಿ ನೋಡಿದೆ. ಒಂದು ಆಟೋ ನಿಂತಿತು, ಹತ್ತಿಕೊಳ್ಳಿ ಎಂದಿತು.

ಅಷ್ಟರಲ್ಲಿ ಶಾಂತಾಳ ಗಂಡ, ನನ್ನ ಮೈದುನ ಬಸವರಾಜ ಸ್ಕೂಟರ್ ತಂದ. ಅವನ ಮೂಲ ಬೀದರ ಜಿಲ್ಲೆ, ಹುಟ್ಟಿ ಬೆಳೆದದ್ದು ಇಲ್ಲೇ, ಮಾರ್ಕೆಟ್ಟಿನಲ್ಲಿ ಸಗಟು ಮೊಟ್ಟೆ ಅಂಗಡಿ. ಗಿರಾಕಿಗೆ ಹಿಂದಿ, ವ್ಯಾನಿನ ಡ್ರೈವರಿಗೆ ತೆಲುಗು, ನನಗೆ ಕನ್ನಡ, ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲ. ಚೀಲವನ್ನು ಸ್ಕೂಟರಿನ ಮುಂದೆ ನಿಲ್ಲಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಫ್ಲೈಓವರಿನ ಕಂಬದ ಹತ್ತಿರ ಸ್ಕೂಟರ್ ಎರಡು ಸಲ ಕೆಮ್ಮಿ ನಿಂತುಹೋಯಿತು.

ಮೆಕ್ಯಾನಿಕ್ಕು ಕಾರ್ಬೊರೇಟರ್ ಬಿಚ್ಚಿ, ಮೂಸಿ, ತಲೆಯಾಡಿಸಿದ. ಪೆಟ್ರೋಲಿನಲ್ಲಿ ಬೆರೆಸುವ ಸ್ಪಿರಿಟ್ಟೇ ಹಳೇ ಗಾಡಿಗಳಿಗೆ ಹೀಗೆ ಮಾಡುತ್ತಿದೆ ಎಂದು ಅವನ ವಾದ. ನಿಜವೋ, ಗಾಡಿ ತೊಳೆಯದ ಬಸವರಾಜನ ಸೋಮಾರಿತನವೋ, ನನಗೆ ಗೊತ್ತಿಲ್ಲ. ಬಸವರಾಜನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ನೋಡ್ರಿ ಭಾವಾರ, ನಿಮ್ಮ ಗೋಂಜಾಳ ಒಂದು ಚೀಲ ಮುಂದ ಕೂತದ, ಇನ್ನೊಂದು ಚೀಲ ಪೆಟ್ರೋಲ್ ಟಾಕಿದಾಗ ಕೂತದ. ಗಾಡಿ ಹ್ಯಾಂಗ್ ನಡೀಬೇಕು?"

ಅಂಗಡಿಯಲ್ಲಿ ಮೊಟ್ಟೆಯ ಟ್ರೇಗಳು ಸೂರಿನವರೆಗೆ ಏರಿ ನಿಂತಿದ್ದವು. ಶ್ರಾವಣ ಬಂತೆಂದರೆ ಅರ್ಧ ಊರು ಮೊಟ್ಟೆ ಬಿಡುತ್ತದೆ. ಉಳಿದರ್ಧ ತಿಂದರೂ ಧಾರಣೆ ಇಳಿದೇ ಇಳಿಯುತ್ತದೆ. ಫೀಡು ಶ್ರಾವಣ ಮಾಡುವುದಿಲ್ಲವಲ್ಲ ಎಂದು ಬಸವರಾಜ ಹೇಳಿದಾಗ ಅವನ ನಗು ಸ್ವಲ್ಪ ಸೊರಗಿತ್ತು.

ಚೇವೆಳ್ಳ ರಸ್ತೆಯ ಶೆಡ್ಡು

ಮರುದಿನ ಬೆಳಿಗ್ಗೆ ಮೊಟ್ಟೆಯ ವ್ಯಾನಿನಲ್ಲಿ ಶಾಂತಾಳ ಜೊತೆ ಚೇವೆಳ್ಳ ರಸ್ತೆಗೆ ಹೊರಟೆ. ಊರು ಮುಗಿದು, ದೊಡ್ಡ ಬಂಗಲೆಗಳು ಮುಗಿದು, ಮಣ್ಣಿನ ದಾರಿಯ ಕೊನೆಗೆ ಅವಳ ಶೆಡ್ಡು. ಒಂದೇ ಒಂದು, ರೈಲುಗಾಡಿಯಷ್ಟು ಉದ್ದ, ಒಳಗೆ ಸಾಲು ಸಾಲು ತಂತಿಯ ಪಂಜರ. ಬಾಗಿಲ ಬಳಿ ಬಂದವಳೇ ಅವಳು ಏನನ್ನೋ ಗುನುಗತೊಡಗಿದಳು. ಕೋಳಿಗಳು ಬೆಚ್ಚಬಾರದೆಂದು ದಿನವೂ ಹೀಗೆ ಗುನುಗುತ್ತಲೇ ಒಳಗೆ ಹೋಗುತ್ತಾಳಂತೆ.

ನಾನು ಹೆಗಲ ಮೇಲೆ ಕೆಂಪು ಟವೆಲು ಹಾಕಿಕೊಂಡು ಅವಳ ಹಿಂದೆ ಹೊಕ್ಕೆ. ಅದೇನು ಕಂಡವೋ, ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಕೋಳಿಗಳು ಒಮ್ಮೆಲೇ ಕಿರುಚಿ ರೆಕ್ಕೆ ಬಡಿದವು.

"ಅಣ್ಣಾ, ಟವೆಲ್ ತಗಿ! ನಾಳಿ ತತ್ತಿ ಕಡಿಮಿ ಆದ್ರ ನಿನ್ನ ಹೆಸರಿಗೆ ಬರಿತೀನಿ ನೋಡು" ಎಂದಳು. ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ಆಮೇಲೆ ಕೋಳಿಗಳ ಕಡೆ ತಿರುಗಿ, "ಏನಿಲ್ಲ, ಏನಿಲ್ಲ, ನಮ್ಮಣ್ಣ ಬಂದಾನ, ಅಷ್ಟಽ" ಎಂದು ಸಮಾಧಾನ ಹೇಳಿದಳು. ತೆಲಂಗಾಣದಲ್ಲಿ ಮರಿಯಾದ ಕೋಳಿಗಳು ರಾಣೆಬೆನ್ನೂರಿನ ಕನ್ನಡ ಕೇಳಿ ಸುಮ್ಮನಾದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ತಂಗಿಯ ಮೇಲೆ ಬಹಳ ಅಭಿಮಾನ ಬಂತು.

ಆಗ ನನ್ನ ಚೀಲ ಬಿಚ್ಚಿಸಿದೆ. ಮುಂಗಾರಿಗೆ ಮುಂಚೆ ಕೊಯ್ದ ಬೇಸಿಗೆ ಬೆಳೆ, ಕೊನೆಯಲ್ಲಿ ಒಂದೆರಡು ಮಳೆ ಹೊಡೆದಿತ್ತು ಅಷ್ಟೆ. ಶಾಂತಾ ಒಂದು ಹಿಡಿ ತೆಗೆದು ಮೂಸಿದಳು. ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಎರಡು ಮಾಡಿ, ಬೆಳಕಿಗೆ ಹಿಡಿದು, ನನಗೂ ತೋರಿಸಿದಳು. ಮೊಳಕೆ ಬರುವ ಜಾಗದಲ್ಲಿ ನೀಲಿ ಬಣ್ಣದ ಸಣ್ಣ ಚುಕ್ಕೆ.

"ಬೂಜು ಐತಿ" ಎಂದಳು. "ಕೋಳಿಗೆ ಆಗಂಗಿಲ್ಲಣ್ಣಾ. ಇದನ್ನ ತಿಂದ್ರ ತತ್ತಿ ನಿಂತುಬಿಡತಾವ, ಕೆಲವು ಸಾಯ್ತಾವ."

"ಮಾರ್ಕೆಟ್‌ನಾಗ ಇದಽ ತಗೊಂಡ್ರಲ್ಲ!"

"ತಗೋತಾರ. ಸ್ಪಿರಿಟ್ ಮಾಡೋರಿಗೆ ಬೂಜು ಆದ್ರೇನು, ಸುಣ್ಣ ಆದ್ರೇನು. ಮೊದಲು ನೀವು ಕಣದಾಗ ಹರವಿ ಹರವಿ ಒಣಗಿಸ್ತಿದ್ರಿ. ಈಗ ಯಾರೂ ಒಣಗಸಂಗಿಲ್ಲ. ಹಸೀದು ಹೋದ್ರೂ ದುಡ್ಡು ಬರತೈತಿ."

ಚೀಲ ವಾಪಸ್ ಒಯ್ಯುತ್ತೇನೆಂದೆ. ಅವಳು ಕೇಳಲಿಲ್ಲ. ತವರಿನಿಂದ ಬಂದದ್ದನ್ನು ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಚೀಲವನ್ನು ಕೋಳಿಗಳಿಂದ ದೂರ ಇಡಿಸಿ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದಳು. ಕೆಲಸದ ತೆಲುಗು ಹೆಂಗಸರು ಇದ್ಯಾವ ಹೊಸ ದೇವರೆಂದು ತಾವೂ ಮುಗಿದರು.

ಏಜೆಂಟ್ ಬಂದ

ಶಾಂತಾಳ ಮುಂದಿದ್ದ ಪ್ರಶ್ನೆ ಆ ದಿನವೇ ನನಗೆ ಪೂರ್ತಿ ಗೊತ್ತಾದದ್ದು. ಶೆಡ್ಡಿನಲ್ಲಿದ್ದ ಕೋಳಿಗಳಿಗೆ ವಯಸ್ಸಾಗಿತ್ತು, ಇನ್ನು ಮಾಂಸಕ್ಕೆ ಹೋಗಬೇಕು. ಅವುಗಳ ಜಾಗಕ್ಕೆ ಹೊಸ ಕೋಳಿ ತರಬೇಕಾದರೆ ಈ ವಾರವೇ ಮರಿ ಮಾಡಿಸುವ ಹ್ಯಾಚರಿಗೆ ಹೇಳಬೇಕು. ಇಲ್ಲವಾದರೆ ಶೆಡ್ಡನ್ನು ಬಾಡಿಗೆಗೆ ಕೇಳುತ್ತಿದ್ದವರಿದ್ದರು. ಹತ್ತಿರದಲ್ಲೇ ಎದ್ದಿರುವ ಒಂದು ಸ್ಪಿರಿಟ್ ಕಾರ್ಖಾನೆಯವರಿಗೆ ಗೋವಿನಜೋಳ ತುಂಬಿಡಲು ಗೋದಾಮು ಬೇಕಾಗಿತ್ತು. ಕೊಟ್ಟರೆ ಪಂಜರಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಬೇಕು. ಒಮ್ಮೆ ಕಿತ್ತರೆ ಮತ್ತೆ ಕಟ್ಟಿಸುವ ತಾಕತ್ತು ಇವರಿಗಿಲ್ಲ.

ಅವರ ಪರವಾಗಿ ಬಂದ ಏಜೆಂಟನ ಹೆಸರು ವೆಂಕಟೇಶ. ತುಂಬ ಸಭ್ಯ ಹುಡುಗ, ರಾಯಚೂರಿನಲ್ಲಿ ದುಡಿದಿದ್ದರಿಂದ ತೆಲುಗು ಬೆರೆತ ಕನ್ನಡ ಬರುತ್ತಿತ್ತು. ಶಾಂತಾಳನ್ನು ಅಕ್ಕಾ ಎನ್ನುತ್ತಿದ್ದ. ಶೆಡ್ಡಿನ ಗಾಳಿ ಬೆಳಕು ಹೊಗಳಿದ, ನಾವು ಕೊಟ್ಟ ಉಂಡಿಯನ್ನು ಇನ್ನೂ ಹೆಚ್ಚು ಹೊಗಳಿದ. ಕುಂಕುಮ ಹಚ್ಚಿದ ಚೀಲದಲ್ಲಿ ಕೈ ಹಾಕಿ ನೋಡಿ, "ಇದು ನಮ್ಗೆ ನಡೀತದೆ ಸಾರ್, ರೇಟು ಸ್ವಲ್ಪ ತಗ್ಗಿಸ್ತೀವಿ, ಅಷ್ಟೇ" ಎಂದ.

"ಸ್ಪಿರಿಟ್ ತೆಗೆದ್ಮೇಲೆ ಉಳಿಯೋ ಹಿಂಡಿ ಅದೆ ಅಲ್ವಾ ಅಕ್ಕಾ, ಅದು ಕೋಳಿಗೆ ಹಾಕ್ಬೋದು" ಎಂದೂ ಸೇರಿಸಿದ.

"ಹಾಕಿ ನೋಡೀನಪ್ಪಾ" ಎಂದಳು ಶಾಂತಾ. "ಒಂದು ಲೋಡು ಇದ್ದಂಗ ಇನ್ನೊಂದು ಲೋಡು ಇರಂಗಿಲ್ಲ. ಸಾರ ನಿಮ್ಮ ಗಾಡಿಗೆ, ಸಿಪ್ಪಿ ನನ್ನ ಕೋಳಿಗೆ. ಅವಕ್ಕೂ ತಿಳಿತೈತಿ."

ಹುಡುಗ ನಕ್ಕ, ಅವಳೂ ನಕ್ಕಳು. ಕೆಟ್ಟವನೊಬ್ಬ ಎದುರಿಗಿದ್ದರೆ ಸಿಟ್ಟಾದರೂ ಆಗಬಹುದಿತ್ತು. "ಟೆನ್ಷನ್ ವದ್ದಕ್ಕಾ, ಚಿಂತೆ ಬೇಡ" ಎಂದು ಹೇಳಿ, ಎರಡು ದಿನದಲ್ಲಿ ತಿಳಿಸಿ ಎಂದು ಹೋದ.

ತಗಡಿನ ಚಾವಣಿಯ ಕೆಳಗೆ ಮೂವರೂ ಕೂತೆವು. ಬಸವರಾಜನ ಮನಸ್ಸು ಬಾಡಿಗೆಯ ಕಡೆಗಿತ್ತು.

"ಭಾವಾರ, ನೀವು ಹಿರೇರು, ಆಕಿಗಿ ತಿಳಿಸಿ ಹೇಳ್ರಿ. ಫೀಡಿನ ರೇಟು ಮುಂಜಾನಿ ಫೋನಿನಾಗ ಬರ್ತದ, ತತ್ತಿ ರೇಟೂ ಫೋನಿನಾಗೇ ಬರ್ತದ. ಎರಡೂ ನಮ್ಮ ಕೈಯಾಗಿಲ್ಲ. ಶೆಡ್ ಕೊಟ್ರ ನಿದ್ದಿನಾದ್ರೂ ಬರ್ತದ."

"ನಿದ್ದಿ ಬಂದು ಏನ್ ಮಾಡ್ಲಿ? ಎದ್ದ ಮ್ಯಾಲೆ ಎಲ್ಲಿಗೆ ಹೋಗ್ಲಿ?" ಎಂದಳು ಶಾಂತಾ. ಈ ಶೆಡ್ಡನ್ನು ಕಟ್ಟಿಸಿದವಳು ಅವಳು. ಅತ್ತೆಮನೆಯವರು ಬೇಡವೆಂದಾಗ, ಲಿಂಗಾಯತರ ಮನೆಯ ಹೆಣ್ಣುಮಗಳಿಗೆ ಕೋಳಿ ವ್ಯಾಪಾರವೇ ಎಂದು ನಮ್ಮ ಊರಲ್ಲೇ ಜನ ಆಡಿಕೊಂಡಾಗ, ಒಬ್ಬಳೇ ನಿಂತು ಕಟ್ಟಿಸಿದವಳು. ಮೊಟ್ಟೆ ತಿನ್ನದವಳು ಇಷ್ಟು ವರ್ಷ ಊರಿಗೆ ಮೊಟ್ಟೆ ತಿನ್ನಿಸಿದ್ದಳು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಅಣ್ಣಾ, ಒಂದು ಮಾತು ಕೇಳ್ತೀನಿ. ಈ ಸುಗ್ಗಿಗೆ ನಿನ್ನ ಜೋಳ ಚೊಲೊ ಒಣಗಿಸಿ ನನಗ ಕೊಡ್ತೀಯೇನು? ಸ್ಪಿರಿಟ್‌ನವರ ಧಾರಣಿ ನಾ ಕೊಡಾಕಾಗಂಗಿಲ್ಲ. ಸ್ವಲ್ಪ ಕಡಿಮಿಗೆ. ನೀ ಒಬ್ಬನಽ ಅಲ್ಲ, ನಿನ್ನ ಜೋಡಿ ಓಣ್ಯಾಗಿನ ನಾಕು ಮಂದೀದು ಕೊಡಿಸಿದ್ರ, ಹೊಸ ಕೋಳಿ ತರಸ್ತೀನಿ."

ಕೊಡುತ್ತೇನೆ ಎಂದು ಬಾಯಿಗೆ ಬಂದಿತ್ತು. ಅದು ಹೊರಗೆ ಬರುವ ಮೊದಲು ಮಗನ ನಿಶ್ಚಿತಾರ್ಥ ನೆನಪಾಯಿತು. ಹೊಸ ಬೋರ್‌ವೆಲ್ ನೆನಪಾಯಿತು. ನಾನು ಹೇಳಿದ ಮಾತ್ರಕ್ಕೆ ಓಣಿಯ ಶಿವಪ್ಪನಾಗಲಿ ಹನುಮಂತನಾಗಲಿ ಯಾಕೆ ಕಡಿಮೆಗೆ ಕೊಟ್ಟಾರು ಎಂಬುದೂ ನೆನಪಾಯಿತು. ನಾನು ಉಂಡಿಯ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ. ಎದುರಿಗೆ ಒಂದು ಕೋಳಿ ತಂತಿಯ ಸಂದಿನಿಂದ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು.

ಶಾಂತಾ ನಕ್ಕುಬಿಟ್ಟಳು. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಬ್ಯಾಡ ಬಿಡಣ್ಣಾ. ಹೊಲ ನಂದಿದ್ರ ನಾನೂ ಕೊಡ್ತಿದ್ದಿಲ್ಲ."

ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಎದ್ದು ಹೋಗಿ ಹ್ಯಾಚರಿಗೆ ಫೋನು ಮಾಡಿ, ಈ ಸಲ ಬೇಡವೆಂದು ತೆಲುಗಿನಲ್ಲಿ ಹೇಳಿದ್ದು ನಮಗೆ ಕೇಳಿಸಿತು. ಬಸವರಾಜ ಬಯಸಿದ್ದೇ ಆಗಿತ್ತು. ಆದರೂ ಅವನು ತಲೆ ತಗ್ಗಿಸಿ ಚಪ್ಪಲಿಯ ಉಂಗುಟ ತಿರುವುತ್ತ ಕೂತ.

ಶೆಡ್ಡು ಖಾಲಿ, ಶೆಡ್ಡು ಭರ್ತಿ

ಪಂಚಮಿಗೆ ಇನ್ನೂ ದಿನವಿದ್ದುದರಿಂದ ನಾನು ಉಳಿದುಕೊಂಡಿದ್ದೆ. ಕೋಳಿ ಒಯ್ಯಲು ಲಾರಿ ಬಂದ ಬೆಳಿಗ್ಗೆ ಶಾಂತಾ ಗುನುಗುತ್ತ ಒಳಗೆ ಹೋದಳು, ಕೊನೆಯ ಪಂಜರ ಖಾಲಿಯಾಗುವವರೆಗೂ ಗುನುಗುತ್ತಲೇ ಇದ್ದಳು. ಹಿಡಿಯುವವರು ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರೆ, "ಮೆಲ್ಲಗಾ, ಮೆಲ್ಲಗಾ" ಎಂದು ಬೈದಳು. ಮಾಂಸಕ್ಕೆ ಹೋಗುವ ಕೋಳಿಗೆ ಮೆಲ್ಲಗೇನು ಎಂದು ಅವರು ನಗಲಿಲ್ಲ. ಅದು ಅವರ ದೊಡ್ಡತನ.

ಮರುದಿನ ಪಂಜರ ಕಿತ್ತರು. ಅದರ ಮರುದಿನವೇ ಮೊದಲ ಲಾರಿ ಬಂತು. ಚೀಲ ಇಳಿಸಲು ಬಂದ ಹಮಾಲರು ಯಾದಗಿರಿ ಕಡೆಯವರು. ಕನ್ನಡ ಕೇಳಿದ್ದೇ ತಡ, ಅವರಲ್ಲೊಬ್ಬ ಮಲ್ಲಪ್ಪ ಎಂಬವನು ಬಂದು ನನ್ನ ಊರು ಕೇರಿ ವಿಚಾರಿಸಿದ. ಇಷ್ಟು ವರ್ಷ ಬಿಲ್ಡಿಂಗಿನಲ್ಲಿ ಸಿಮೆಂಟು ಹೊತ್ತವನು.

"ಸಿಮೆಂಟ್ ಹೊತ್ತು ಹೊತ್ತು ಎದಿ ಕಟ್ಟಿತ್ರಿ ಯಪ್ಪಾ. ಇದು ಭಾಳ ಚೊಲೊ ಕೆಲಸ ನೋಡ್ರಿ. ಕಾಳಿನ ಚೀಲ ಹೆಗಲಿಗೆ ಕುಂಡ್ರತದ, ಹೆಣ್ತಿ ಮಕ್ಕಳನ್ನೂ ಇಲ್ಲೇ ಕರ್ಕೊಂಡು ಬಂದೀನ್ರಿ" ಎಂದ. ಅವನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಈ ಸ್ಪಿರಿಟ್ ಕಾರ್ಖಾನೆಗೆ ಶಾಪ ಹಾಕಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ನನ್ನ ಮಾತೆಲ್ಲ ಅಲ್ಲೇ ಉಳಿಯಿತು. ಶಾಂತಾ ಅವನಿಗೂ ಅವನ ಜೊತೆಯವರಿಗೂ ಚಹಾ ಮಾಡಿಕೊಟ್ಟು, ಅವನ ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕೆಂದು ಹೇಳಿದಳು.

ಚಹಾದ ಲೋಟ ತೊಳೆಯುತ್ತ, ನನ್ನ ಕಡೆ ನೋಡದೆ ಕೇಳಿದಳು, "ಬಸ್ಸು ಎಷ್ಟೊತ್ತಿಗೆ ಐತಣ್ಣಾ?"

"ಯಾಕ?"

"ಪಂಚಮಿಗೆ ಕರಿಯಾಕ ಬಂದೀಯಲ್ಲ. ಬರ್ತೀನಿ."

ಇಷ್ಟು ವರ್ಷ ಕೇಳಬೇಕೆಂದು ನಾನು ಕಾದ ಮಾತು ಅದು. ಬಸ್ಸಿನ ವೇಳೆ ಹೇಳಿ, ಒಂದು ಲೋಟ ತೆಗೆದುಕೊಂಡು ನಾನೂ ತೊಳೆಯತೊಡಗಿದೆ.

ತವರು

ಬಸ್ಸಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಈ ಕಾಲದಲ್ಲಿ ತಂಗಿಯನ್ನು ಹಬ್ಬಕ್ಕೆ ಕರೆದೊಯ್ಯುವ ಅಣ್ಣಂದಿರು ಎಲ್ಲಿದ್ದಾರೆ ಎಂದು ಹಿಂದಿನ ಸೀಟಿನ ಅಜ್ಜಿ ಕಣ್ಣೊರೆಸಿಕೊಂಡಳು. ಕೊಪ್ಪಳ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಗೋವಿನಜೋಳ ಎದೆಯೆತ್ತರ ನಿಂತಿತ್ತು. ನಾನು ಬೇಕೆಂದೇ ಬೇರೆ ಮಾತು ತೆಗೆದೆ. ಶಾಂತಾ ಕಿಟಕಿಗೆ ಹಣೆ ಆನಿಸಿ ನೋಡುತ್ತ, "ಬೆಳಿ ಭಾಳ ಚೊಲೊ ಬಂದೈತಿ" ಎಂದಳು. ಆ ದನಿಯಲ್ಲಿ ಸಂತೋಷ ಬಿಟ್ಟು ಬೇರೇನೂ ಇರಲಿಲ್ಲ.

ನನ್ನ ಹೆಂಡತಿ ಅವಳನ್ನು ಕಂಡು ಅಂಗಳದಲ್ಲೇ ಅತ್ತಳು. ಪಕ್ಕದ ಮನೆಯವರು ಜೋಕಾಲಿ ಕಟ್ಟಿದರು. ಪಂಚಮಿಯ ದಿನ ಹೆಣ್ಣುಮಕ್ಕಳೆಲ್ಲ ನಾಗಪ್ಪನ ಕಲ್ಲಿಗೆ ಹಾಲೆರೆಯಲು ಹೋದರು. ಎರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹೇಳಬೇಕು. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಶಾಂತಾಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಮನಿಯವರ ಪಾಲು. ಅಣ್ಣನ ಪಾಲು, ಅತ್ತಿಗಿ ಪಾಲು. ಆಮೇಲೆ ಚಮಚ ತುಂಬ ತೆಗೆದುಕೊಂಡು, "ಅಣ್ಣನ ಹೊಲದ ಪಾಲು" ಎಂದಳು.

ಬಟ್ಟಲಲ್ಲಿ ಇನ್ನೂ ಅರ್ಧ ಹಾಲಿತ್ತು. ಅದನ್ನು ಅವಳು ಯಾರ ಹೆಸರೂ ಹೇಳದೆ, ನಿಧಾನವಾಗಿ, ಪೂರ್ತಿ ಸುರಿದಳು.

"ಇದು ಯಾರ ಪಾಲವ್ವಾ?" ಎಂದು ನನ್ನ ಹೆಂಡತಿ ಕೇಳಿದಳು.

ಶಾಂತಾ ಸೆರಗಿನಿಂದ ಬಟ್ಟಲು ಒರೆಸಿದಳು.

"ಭಾಳ ಇದ್ವು ಅತ್ತಿಗಿ" ಎಂದಳು. "ಒಂದಕ್ಕೂ ಹೆಸರಿಟ್ಟಿದ್ದಿಲ್ಲ."